ಕಛೇರಿಯ ಗಣಕದಲ್ಲಿ ಬ್ರೌಸರ್: ಭದ್ರತೆ ಮತ್ತು ಮೇಲ್ವಿಚಾರಣೆ

ವಿದ್ಯಾಸಂಸ್ಥೆಯ ಕಛೇರಿ ಎಂದೊಡನೆ ಹಿಂದಿನ ತಲೆಮಾರಿನವರ ಕಣ್ಣ ಮುಂದೆ ಬಂದು ನಿಲ್ಲುವುದು ಕಬ್ಬಿಣದ ಬೀರು. ದಾಖಲಾತಿ ವಹಿ, ವರ್ಗಾವಣೆ ಪತ್ರಗಳ ಪ್ರತಿ, ಕಿರ್ದಿ ಖಾತೆ ಪುಸ್ತಕ, ವೇತನ ಬಟವಾಡೆಯ ಪಟ್ಟಿ ಎಲ್ಲವೂ ಅದರೊಳಗಿರುತ್ತಿದ್ದವು. ಅದರ ಬೀಗದ ಕೈ ಯಾರ ಬಳಿ ಇರತಕ್ಕದ್ದು, ಅವರು ರಜೆಯ ಮೇಲೆ ಹೋದಾಗ ಯಾರಿಗೆ ಒಪ್ಪಿಸತಕ್ಕದ್ದು ಎಂಬುದು ಜವಾನನಿಂದ ಮುಖ್ಯೋಪಾಧ್ಯಾಯರವರೆಗೆ ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು. ಇಂದು ಆ ಬೀರು ಮೂಲೆಯಲ್ಲಿ ಇದ್ದರೂ ಅದರೊಳಗಿನ ಬಹುಪಾಲು ಸಂಪತ್ತು ಬೇರೆಡೆಗೆ ಹೋಗಿದೆ. ಮಕ್ಕಳ ವಿವರಗಳು ಶಿಕ್ಷಣ ಇಲಾಖೆಯ ಎಸ್.ಎ.ಟಿ.ಎಸ್. ತಾಣದಲ್ಲಿ ದಾಖಲಾಗುತ್ತವೆ, ಸಂಸ್ಥೆಯ ಹಣ ಬ್ಯಾಂಕಿನ ಜಾಲತಾಣದ ಮೂಲಕ ಚಲಿಸುತ್ತದೆ, ಪತ್ರವ್ಯವಹಾರವೆಲ್ಲ ಮಿಂಚಂಚೆಯಲ್ಲಿ ನಡೆಯುತ್ತದೆ. ಇವೆಲ್ಲಕ್ಕೂ ಇರುವ ಬಾಗಿಲು ಒಂದೇ, ಅದೇ ಬ್ರೌಸರ್. ಈ ಬಾಗಿಲಿನ ಬೀಗದ ಕೈ ಯಾರ ವಶದಲ್ಲಿದೆ ಎಂದು ಕೇಳಿದರೆ ಮಾತ್ರ ಸ್ಪಷ್ಟವಾದ ಉತ್ತರ ದೊರೆಯುವುದು ವಿರಳ.

ಬ್ರೌಸರ್ ಹುಟ್ಟಿದಾಗ ಅದಕ್ಕೆ ಬೀಗ ಬೇಕೆಂದು ಯಾರೂ ಎಣಿಸಿರಲಿಲ್ಲ. 1990ರಲ್ಲಿ ಜಿನೀವಾದ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು ಮೊದಲ ಬ್ರೌಸರನ್ನು ರಚಿಸಿದ್ದು ವಿಜ್ಞಾನಿಗಳು ಪರಸ್ಪರರ ಬರಹಗಳನ್ನು ಓದಲೆಂದು. ಓದುವುದರಿಂದ ಓದುವವನಿಗೆ ಕೇಡಾಗುವ ಸಂಭವವಿರಲಿಲ್ಲ. ಆದರೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಅವರು 'ಕುಕಿ' ಎಂಬ ಗುರುತಿನ ಚೀಟಿಯನ್ನು ಬಳಕೆಗೆ ತಂದರು. ಮರುವರ್ಷ ಅದೇ ಕಂಪನಿಯಲ್ಲಿ ಬ್ರೆಂಡನ್ ಐಕ್ ಅವರು ಜಾವಾಸ್ಕ್ರಿಪ್ಟ್ ಭಾಷೆಯನ್ನು ರೂಪಿಸಿದರು. ಅಂದಿನಿಂದ ಜಾಲಪುಟವು ಕೇವಲ ಪತ್ರವಾಗಿ ಉಳಿಯಲಿಲ್ಲ. ಪುಟದೊಡನೆ ಆಜ್ಞೆಗಳೂ ಬರತೊಡಗಿದವು; ಅವು ಓದುಗನ ಗಣಕದಲ್ಲಿಯೇ ಕೆಲಸ ಮಾಡತೊಡಗಿದವು. ಅಂಚೆಯವನು ಬಾಗಿಲಲ್ಲಿ ಕಾಗದ ಕೊಟ್ಟು ಹೋಗುವುದಕ್ಕೂ ಅಪರಿಚಿತನೊಬ್ಬನು ಪಡಸಾಲೆಗೆ ಬಂದು ಕುಳಿತು ಕೆಲಸ ಮಾಡುವುದಕ್ಕೂ ಎಷ್ಟು ಅಂತರವೋ ಈ ಎರಡು ಸ್ಥಿತಿಗಳಿಗೂ ಅಷ್ಟೇ ಅಂತರ.

ಈ ಅತಿಥಿಗಳನ್ನು ಹದ್ದಿನಲ್ಲಿಡಲು ಬ್ರೌಸರುಗಳು ಪಾಲಿಸುವ ಮೊದಲನೆಯ ನಿಯಮಕ್ಕೆ 'ಸಮಾನ ಮೂಲ ನಿಯಮ' ಎನ್ನಬಹುದು. ಒಂದು ತಾಣದಿಂದ ಬಂದ ಆಜ್ಞೆಯು ಮತ್ತೊಂದು ತಾಣದ ಪುಟವನ್ನಾಗಲಿ ಅದರ ಕುಕಿಯನ್ನಾಗಲಿ ಓದುವಂತಿಲ್ಲ. ಒಂದು ಕಿಟಕಿಯಲ್ಲಿ ಬ್ಯಾಂಕಿನ ಪುಟವನ್ನೂ ಇನ್ನೊಂದರಲ್ಲಿ ಯಾವುದೋ ಸುದ್ದಿಯ ಪುಟವನ್ನೂ ತೆರೆದಿಟ್ಟುಕೊಳ್ಳುವ ಧೈರ್ಯ ಬಳಕೆದಾರನಿಗೆ ಇರುವುದು ಈ ನಿಯಮದ ಬಲದಿಂದಲೇ. ಎರಡನೆಯದು 'ಸ್ಯಾಂಡ್‌ಬಾಕ್ಸ್' ವ್ಯವಸ್ಥೆ. 2008ರ ಸೆಪ್ಟೆಂಬರಿನಲ್ಲಿ ಗೂಗಲ್ ಕಂಪನಿ ಹೊರತಂದ ಕ್ರೋಮ್ ಬ್ರೌಸರು ಒಂದೇ ಕಾರ್ಯಕ್ರಮವಾಗಿರದೆ ಹಲವು ಪ್ರಕ್ರಿಯೆಗಳಾಗಿ ಒಡೆದಿತ್ತು. ಪುಟವನ್ನು ಬಿಡಿಸಿ ತೋರಿಸುವ ಪ್ರಕ್ರಿಯೆಗೆ ಗಣಕದ ಕಡತಗಳನ್ನು ಮುಟ್ಟುವ ಅಧಿಕಾರವಿರಲಿಲ್ಲ. ಅತಿಥಿಯು ಪಡಸಾಲೆಯಲ್ಲಿ ಏನನ್ನಾದರೂ ಒಡೆದರೂ ಒಳಮನೆಗೆ ಹೋಗಲು ಇನ್ನೊಂದು ಬಾಗಿಲನ್ನು ಮುರಿಯಬೇಕಾಗಿತ್ತು. 2018ರ ಜನವರಿಯಲ್ಲಿ ಪ್ರಕಟವಾದ ಸ್ಪೆಕ್ಟರ್ ಎಂಬ ದೋಷವು, ಒಂದೇ ಪ್ರಕ್ರಿಯೆಯ ಸ್ಮೃತಿಯಲ್ಲಿ ಎರಡು ತಾಣಗಳ ಸಂಗತಿಗಳಿದ್ದರೆ ಒಂದು ಮತ್ತೊಂದನ್ನು ಊಹಿಸಿ ತಿಳಿಯಬಹುದೆಂದು ತೋರಿಸಿಕೊಟ್ಟಿತು. ಆ ವರ್ಷವೇ ಕ್ರೋಮ್ ಪ್ರತಿ ತಾಣಕ್ಕೂ ಪ್ರತ್ಯೇಕ ಪ್ರಕ್ರಿಯೆಯನ್ನು ಒದಗಿಸಿತು. ಹೊಸ ಬ್ರೌಸರು ಹೆಚ್ಚು ಸ್ಮೃತಿಯನ್ನು ನುಂಗುತ್ತದೆ ಎಂಬ ದೂರಿಗೆ ಇದೂ ಒಂದು ಕಾರಣ; ಆ ಬೆಲೆಯನ್ನು ತೆರಲೇಬೇಕಾಗಿದೆ.

ಇಷ್ಟೆಲ್ಲ ಕಾವಲಿದ್ದರೂ ಕಛೇರಿಗಳಿಗೆ ಕನ್ನ ಬೀಳುವುದೇಕೆ? ಕಾವಲಿನ ವಿನ್ಯಾಸದಲ್ಲಿಯ ದೋಷಕ್ಕಿಂತ ಹೆಚ್ಚಾಗಿ, ಹಳೆಯ ಕಾವಲುಗಾರನನ್ನೇ ಮುಂದುವರಿಸಿಕೊಂಡು ಹೋಗುವ ಕಛೇರಿಗಳ ಸ್ವಭಾವವೇ ಅನೇಕ ವೇಳೆ ಇದಕ್ಕೆ ಕಾರಣವಾಗಿದೆ. 2010ರ ಜನವರಿ 12ರಂದು ಗೂಗಲ್ ಕಂಪನಿಯು ತನ್ನ ಮೇಲೆಯೂ ಇಪ್ಪತ್ತಕ್ಕೂ ಹೆಚ್ಚು ಇತರ ಕಂಪನಿಗಳ ಮೇಲೆಯೂ ನಡೆದ ದಾಳಿಯನ್ನು ಬಹಿರಂಗಪಡಿಸಿತು. 'ಆಪರೇಷನ್ ಅರೋರಾ' ಎಂದು ಹೆಸರಾದ ಈ ದಾಳಿಯಲ್ಲಿ ಬಳಕೆಯಾದದ್ದು ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನ ಒಂದು ದೋಷ. ದಾಳಿಕಾರರ ಗುರಿಗೆ ಮುಖ್ಯವಾಗಿ ಬಿದ್ದದ್ದು ಅದರ ಆರನೆಯ ಆವೃತ್ತಿ. ಆ ಆವೃತ್ತಿ ಹೊರಬಂದದ್ದು 2001ರಲ್ಲಿ! ಎರಡು ಹೊಸ ಆವೃತ್ತಿಗಳು ಬಂದಿದ್ದರೂ ಕಛೇರಿಗಳು ಅದನ್ನೇ ಹಿಡಿದುಕೊಂಡಿದ್ದವು. ಒಳಗಿನ ಲೆಕ್ಕಪತ್ರದ ತಂತ್ರಾಂಶಗಳು ಅದರಲ್ಲಿ ಮಾತ್ರ ನಡೆಯುತ್ತಿದ್ದುದೇ ಅದಕ್ಕೆ ಕಾರಣ. ಜರ್ಮನಿ ಮತ್ತು ಫ್ರಾನ್ಸ್ ದೇಶಗಳ ಸರ್ಕಾರಿ ಭದ್ರತಾ ಸಂಸ್ಥೆಗಳು ಆ ಬ್ರೌಸರನ್ನು ಸದ್ಯಕ್ಕೆ ಬಳಸಬಾರದೆಂದು ಸಾರ್ವಜನಿಕರಿಗೆ ಸೂಚನೆಯಿತ್ತವು. ಮೈಕ್ರೋಸಾಫ್ಟ್ ಜನವರಿ 21ರಂದು ಪರಿಹಾರವನ್ನು ಬಿಡುಗಡೆ ಮಾಡಿತು.

ಇಂಟರ್‌ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತಿ ಹೊಂದಿತು. ಅದರಲ್ಲಿ ಮಾತ್ರ ತೆರೆಯುವ ಹಳೆಯ ತಾಣಗಳಿಗಾಗಿ ಎಡ್ಜ್ ಬ್ರೌಸರಿನೊಳಗೆ ಒಂದು ವಿಶೇಷ ಸ್ಥಿತಿಯನ್ನು ಉಳಿಸಲಾಗಿದ್ದು, ಕನಿಷ್ಠ 2029ರವರೆಗೆ ಅದನ್ನು ನಡೆಸುವುದಾಗಿ ಮೈಕ್ರೋಸಾಫ್ಟ್ ತಿಳಿಸಿದೆ. ಇದರ ಸರಿಯಾದ ಬಳಕೆಯೆಂದರೆ, ಅಂತಹ ತಾಣಗಳ ವಿಳಾಸಗಳನ್ನು ಪಟ್ಟಿ ಮಾಡಿ ಅವುಗಳಿಗೆ ಮಾತ್ರ ಆ ಸ್ಥಿತಿಯನ್ನು ಅನ್ವಯಿಸುವುದು. ಇಡೀ ಕಛೇರಿಯನ್ನು ಹಳೆಯ ಕಾಲದಲ್ಲಿ ಕೂರಿಸುವ ಅಗತ್ಯವಿಲ್ಲ.

ಆವೃತ್ತಿಗಳ ವಿಷಯದಲ್ಲಿ ಹೆಚ್ಚಿನವರು ಅರಿಯದ ಒಂದು ಸೂಕ್ಷ್ಮವಿದೆ. ಕ್ರೋಮ್, ಎಡ್ಜ್ ಮೊದಲಾದವುಗಳಿಗೆ ಆಧಾರವಾದ ಕ್ರೋಮಿಯಂ ತಂತ್ರಾಂಶದ ಮೂಲ ಬರಹವು ಸಾರ್ವಜನಿಕವಾದುದು. ದೋಷವೊಂದನ್ನು ತಿದ್ದಿದೊಡನೆ ಆ ತಿದ್ದುಪಡಿಯನ್ನು ಲೋಕದಲ್ಲಿ ಯಾರು ಬೇಕಾದರೂ ಓದಬಹುದು, ಕಳ್ಳನೂ ಓದಬಹುದು. ತಿದ್ದುಪಡಿಯನ್ನು ಕಂಡು ದೋಷವನ್ನು ಊಹಿಸುವುದು ನುರಿತವರಿಗೆ ಕಷ್ಟವಲ್ಲ. ಆದ್ದರಿಂದ ತಿದ್ದುಪಡಿ ಪ್ರಕಟವಾಗುವ ಕ್ಷಣಕ್ಕೂ ಅದು ಕಛೇರಿಯ ಮೇಜಿನ ಮೇಲಿನ ಗಣಕಕ್ಕೆ ತಲುಪುವ ಕ್ಷಣಕ್ಕೂ ನಡುವಿನ ಅವಧಿಯೇ ಅಪಾಯಕಾರಿ. ಈ ಅಂತರವು ಒಂದು ಕಾಲದಲ್ಲಿ ಸುಮಾರು 35 ದಿನಗಳಷ್ಟಿದ್ದು ಮುಂದೆ 15 ದಿನಗಳಿಗೆ ಇಳಿಯಿತು. 2023ರ ಆಗಸ್ಟಿನಿಂದ ಕ್ರೋಮ್ ಭದ್ರತಾ ತಿದ್ದುಪಡಿಗಳನ್ನು ವಾರಕ್ಕೊಮ್ಮೆ ಹೊರಡಿಸತೊಡಗಿತು. ತಯಾರಕರು ಇಷ್ಟು ಅವಸರ ಪಟ್ಟರೂ ಕೊನೆಯ ಹೆಜ್ಜೆ ಬಳಕೆದಾರನದೇ. ತಿದ್ದುಪಡಿಯು ಸದ್ದಿಲ್ಲದೆ ಗಣಕಕ್ಕೆ ಇಳಿದು ಕುಳಿತಿರುತ್ತದೆ. ಬ್ರೌಸರನ್ನು ಒಮ್ಮೆ ಮುಚ್ಚಿ ತೆರೆಯುವವರೆಗೆ ಅದು ಜಾರಿಗೆ ಬರುವುದಿಲ್ಲ. ನಲವತ್ತು ಪುಟಗಳನ್ನು ತೆರೆದಿಟ್ಟುಕೊಂಡು, ಸಂಜೆ ಗಣಕವನ್ನು ನಿಲ್ಲಿಸದೆ ಕೇವಲ ಪರದೆಯನ್ನು ಆರಿಸಿ ಮನೆಗೆ ಹೋಗುವ ಗುಮಾಸ್ತರು ತಿಂಗಳುಗಟ್ಟಲೆ ಹಳೆಯ ದೋಷವನ್ನೇ ಪೋಷಿಸುತ್ತಿರುತ್ತಾರೆ. ನಿಗದಿತ ಅವಧಿಯೊಳಗೆ ಬ್ರೌಸರು ತಾನಾಗಿ ಮುಚ್ಚಿ ತೆರೆದುಕೊಳ್ಳುವಂತೆ ನಿರ್ವಾಹಕನು ಕಟ್ಟಳೆ ವಿಧಿಸಬಹುದು.

ಹಳೆಯ ಗಣಕಗಳ ಮಾತೂ ಇಲ್ಲಿಗೇ ಸೇರುತ್ತದೆ. ವಿಂಡೋಸ್ 7 ಇರುವ ಯಂತ್ರಗಳಲ್ಲಿ ಕ್ರೋಮ್ 2023ರ ಆರಂಭದಲ್ಲಿ, 109ನೆಯ ಆವೃತ್ತಿಗೆ ನಿಂತುಹೋಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ದಾನಿಗಳು ಉದಾರವಾಗಿ ಕೊಟ್ಟ ಯಂತ್ರಗಳು ಇನ್ನೂ ಚೆನ್ನಾಗಿಯೇ ಓಡುತ್ತಿರಬಹುದು, ಅವನ್ನು ಬಿಸಾಡಬೇಕಾಗಿಲ್ಲ. ಲಿನಕ್ಸ್ ಹಾಕಿ ಮಕ್ಕಳ ಕಲಿಕೆಗೆ ಬಳಸಬಹುದು. ಆದರೆ ಸಂಸ್ಥೆಯ ಬ್ಯಾಂಕ್ ಖಾತೆಯನ್ನು ನಿಂತುಹೋದ ಬ್ರೌಸರಿನಲ್ಲಿ ತೆರೆಯುವುದು ಸರಿಯಲ್ಲ.

ಇನ್ನು, ಕಛೇರಿಗಳಲ್ಲಿ ಅತ್ಯಂತ ಉಪೇಕ್ಷೆಗೆ ಒಳಗಾಗಿರುವ ಸಂಗತಿಯೆಂದರೆ ಎಕ್ಸ್‌ಟೆನ್ಷನ್ ಎಂಬ ಉಪತಂತ್ರಾಂಶಗಳು. ಪುಟದ ಚಿತ್ರ ತೆಗೆಯಲು ಒಂದು, ಜಾಹೀರಾತು ತಡೆಯಲು ಒಂದು, ಕಾಗುಣಿತ ತಿದ್ದಲು ಮತ್ತೊಂದು ಎಂದು ಇವುಗಳನ್ನು ಕ್ಷಣಮಾತ್ರದಲ್ಲಿ ಸೇರಿಸಿಕೊಳ್ಳಬಹುದು. ಸೇರಿಸಿಕೊಳ್ಳುವಾಗ 'ನೀವು ಭೇಟಿ ನೀಡುವ ಎಲ್ಲ ತಾಣಗಳ ಮಾಹಿತಿಯನ್ನು ಓದುವ ಮತ್ತು ಬದಲಿಸುವ' ಅನುಮತಿಯನ್ನು ಅವು ಕೇಳುತ್ತವೆ. ಈ ವಾಕ್ಯವನ್ನು ಓದದೆ ಒಪ್ಪಿಗೆ ನೀಡುವವರೇ ಹೆಚ್ಚು. ಮೇಲೆ ಹೇಳಿದ ಸಮಾನ ಮೂಲ ನಿಯಮವು ಹೊರಗಿನ ಅತಿಥಿಗಳಿಗೆ ಮಾತ್ರ ಅನ್ವಯಿಸುತ್ತದೆ. ಈ ಅನುಮತಿ ಪಡೆದ ಉಪತಂತ್ರಾಂಶವಾದರೋ ಮನೆಯ ಆಳಿನಂತೆ ಎಲ್ಲ ಕೋಣೆಗಳಲ್ಲಿಯೂ ಓಡಾಡುತ್ತದೆ.

ಆಳು ಪ್ರಾಮಾಣಿಕನಿದ್ದರೂ ಯಜಮಾನಿಕೆ ಬದಲಾಗಬಹುದು. 'ದಿ ಗ್ರೇಟ್ ಸಸ್ಪೆಂಡರ್' ಎಂಬ ಜನಪ್ರಿಯ ಉಪತಂತ್ರಾಂಶವು 2020ರಲ್ಲಿ ಹೊಸ ಒಡೆಯರಿಗೆ ಮಾರಾಟವಾಯಿತು. 2021ರ ಫೆಬ್ರುವರಿಯಲ್ಲಿ ಅದರಲ್ಲಿ ದುಷ್ಟ ಆಜ್ಞೆಗಳಿವೆಯೆಂದು ಗೂಗಲ್ ಅದನ್ನು ತೆಗೆದುಹಾಕಿತು. ಅಷ್ಟರಲ್ಲಿ ಅದು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿಯ ಬ್ರೌಸರುಗಳಲ್ಲಿತ್ತು. ಯಜಮಾನ ಬದಲಾಗದೆಯೂ ಕೇಡು ಸಂಭವಿಸಬಹುದೆಂಬುದಕ್ಕೆ ಸೈಬರ್‌ಹೇವನ್ ಪ್ರಕರಣ ಸಾಕ್ಷಿ. ಈ ಅಮೆರಿಕನ್ ಕಂಪನಿಯ ಕಸುಬೇ ಕಛೇರಿಗಳ ಮಾಹಿತಿ ಸೋರದಂತೆ ಕಾಯುವುದು. 2024ರ ಡಿಸೆಂಬರ್ 24ರಂದು ಅದರ ನೌಕರರೊಬ್ಬರಿಗೆ, ಕಂಪನಿಯ ಉಪತಂತ್ರಾಂಶವು ನಿಯಮ ಮೀರಿದೆ, ತೆಗೆದುಹಾಕಲಾಗುವುದು ಎಂಬ ಬೆದರಿಕೆಯ ಪತ್ರ ಬಂದಿತು; ಅದು ಗೂಗಲ್ ಉಪತಂತ್ರಾಂಶ ಭಂಡಾರದಿಂದ ಬಂದಂತೆ ಕಾಣುತ್ತಿತ್ತು. ಅವರು ಸೂಚಿಸಿದ ಕಡೆ ಹೋಗಿ ಒಪ್ಪಿಗೆ ಒತ್ತಿದರು. ಗುಪ್ತಪದವನ್ನು ಯಾರೂ ಕದಿಯಲಿಲ್ಲ. ಎರಡನೆಯ ಹಂತದ ಪರಿಶೀಲನೆ ಇದ್ದರೂ ಅದು ಅಡ್ಡ ಬರಲಿಲ್ಲ. ಏಕೆಂದರೆ ಒಪ್ಪಿಗೆಯನ್ನು ಕೊಟ್ಟವರು ನೌಕರರೇ. ಕೆಲವೇ ಗಂಟೆಗಳಲ್ಲಿ ದುಷ್ಟ ಆವೃತ್ತಿಯೊಂದು ಭಂಡಾರವನ್ನು ಸೇರಿತು. ಸುಮಾರು ನಾಲ್ಕು ಲಕ್ಷ ಬಳಕೆದಾರರನ್ನು ಹೊಂದಿದ್ದ ಆ ಉಪತಂತ್ರಾಂಶದ ಕೆಟ್ಟ ಪ್ರತಿಯು ಕ್ರಿಸ್‌ಮಸ್ ದಿನ ಪೂರ್ತಿ ತಾನಾಗಿಯೇ ಗಣಕಗಳಿಗೆ ಇಳಿಯುತ್ತಿತ್ತು. ಇದೇ ರೀತಿಯಲ್ಲಿ ಕೆಟ್ಟ ಇತರ ಹಲವು ಉಪತಂತ್ರಾಂಶಗಳೂ ಆ ಬಳಿಕ ಬೆಳಕಿಗೆ ಬಂದವು.

ಈ ಪ್ರಕರಣದಲ್ಲಿ ಒಂದು ವಿಪರ್ಯಾಸವಿದೆ. ಬ್ರೌಸರಿಗೆ ಹಿತಕರವಾದ ತ್ವರಿತ ತಿದ್ದುಪಡಿಯ ಮಾರ್ಗವೇ ಉಪತಂತ್ರಾಂಶದ ವಿಷಯದಲ್ಲಿ ವಿಷದ ಕಾಲುವೆಯಾಯಿತು. ಆದುದರಿಂದ ಪರಿಹಾರವು ತಿದ್ದುಪಡಿಯನ್ನು ನಿಲ್ಲಿಸುವುದರಲ್ಲಿಲ್ಲ. ಆಳುಗಳ ಸಂಖ್ಯೆಯನ್ನು ಕಡಮೆ ಮಾಡುವುದರಲ್ಲಿದೆ. ಕ್ರೋಮ್ ಮತ್ತು ಎಡ್ಜ್ ಬ್ರೌಸರುಗಳಲ್ಲಿ ನಿರ್ವಾಹಕನು ಒಂದು ನಕ್ಷತ್ರ ಚಿಹ್ನೆಯನ್ನು ನಿಷೇಧದ ಪಟ್ಟಿಯಲ್ಲಿ ಬರೆದರೆ ಸಮಸ್ತ ಉಪತಂತ್ರಾಂಶಗಳೂ ನಿಷಿದ್ಧವಾಗುತ್ತವೆ. ಬಳಿಕ ನಿಜವಾಗಿ ಬೇಕಾದ ಎರಡು ಮೂರನ್ನು ಅನುಮತಿಯ ಪಟ್ಟಿಗೆ ಸೇರಿಸಬಹುದು. ಪಟ್ಟಿಗೆ ಸೇರಿಸಬೇಕೆಂದು ಕೇಳುವವರು ಕಾರಣವನ್ನು ಒಂದು ಸಾಲಿನಲ್ಲಿ ಬರೆದುಕೊಡಬೇಕೆಂದು ವಿಧಿಸಿದರೆ ಬೇಡಿಕೆಗಳಲ್ಲಿ ಅರ್ಧಕ್ಕರ್ಧ ತಾವಾಗಿಯೇ ಕರಗುತ್ತವೆ.

ಕಛೇರಿಯ ಬ್ರೌಸರಿನಲ್ಲಿ ಸ್ವಂತ ಖಾತೆಯನ್ನು ತೆರೆಯುವ ಅಭ್ಯಾಸದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ. ಏಕೆಂದರೆ ಇದರಲ್ಲಿ ತಪ್ಪಿದೆಯೆಂದು ಯಾರಿಗೂ ಅನ್ನಿಸುವುದಿಲ್ಲ. ಓಕ್ಟಾ ಎಂಬ ಅಮೆರಿಕನ್ ಕಂಪನಿಯು ಸಾವಿರಾರು ಸಂಸ್ಥೆಗಳ ಪರವಾಗಿ ಅವುಗಳ ನೌಕರರ ಗುರುತನ್ನು ಪರಿಶೀಲಿಸುವ ಕೆಲಸ ಮಾಡುತ್ತದೆ. ಬೇರೆಯವರ ಬಾಗಿಲು ಕಾಯುವುದೇ ಅದರ ಜೀವನೋಪಾಯ. 2023ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಅದರ ಗ್ರಾಹಕ ಸಹಾಯ ವಿಭಾಗದ ಕಡತಗಳನ್ನು ಹೊರಗಿನವರು ಓದಿದರು. ತನಿಖೆಯ ಬಳಿಕ ಕಂಪನಿಯೇ ಪ್ರಕಟಿಸಿದ ವಿವರ ಹೀಗಿದೆ: ನೌಕರರೊಬ್ಬರು ಕಂಪನಿಯ ಗಣಕದ ಕ್ರೋಮ್ ಬ್ರೌಸರಿನಲ್ಲಿ ತಮ್ಮ ಸ್ವಂತ ಗೂಗಲ್ ಖಾತೆಯನ್ನು ತೆರೆದಿದ್ದರು. ಸಹಾಯ ವಿಭಾಗದ ಒಂದು ಖಾತೆಯ ಹೆಸರು ಮತ್ತು ಗುಪ್ತಪದ ಆ ಸ್ವಂತ ಖಾತೆಯಲ್ಲಿ ಉಳಿದಿದ್ದವು. ಬಹುಶಃ ಅವರ ಸ್ವಂತ ಖಾತೆ ಅಥವಾ ಮನೆಯ ಸಾಧನ ಕಳ್ಳರ ಕೈಗೆ ಸಿಕ್ಕಿದ್ದರಿಂದ ಕಂಪನಿಯ ಬೀಗದ ಕೈಯೂ ಹೋಯಿತು.

'ಗುಪ್ತಪದವನ್ನು ಉಳಿಸಬೇಕೇ?' ಎಂದು ಬ್ರೌಸರು ಕೇಳಿದಾಗ 'ಹೌದು' ಎನ್ನುವುದು ಸಹಜ. ಆ ಹೊತ್ತಿನಲ್ಲಿ ಬ್ರೌಸರು ಯಾರ ಖಾತೆಯ ಕೆಳಗೆ ತೆರೆದಿದೆಯೋ ಅವರ ಭಂಡಾರಕ್ಕೆ ಆ ಗುಪ್ತಪದ ಸೇರುತ್ತದೆ. ಅಲ್ಲಿಂದ ಅವರ ಮೊಬೈಲಿಗೆ, ಮನೆಯ ಗಣಕಕ್ಕೆ, ಹಬ್ಬಕ್ಕೆ ಬಂದ ಅಳಿಯನು ಬಳಸುವ ಲ್ಯಾಪ್‌ಟಾಪಿಗೆ ಹರಿಯುತ್ತದೆ. ನೌಕರನು ಸಂಸ್ಥೆಯನ್ನು ಬಿಟ್ಟುಹೋದ ಮೇಲೂ ಅಲ್ಲಿಯೇ ಉಳಿಯುತ್ತದೆ. ಇದರಲ್ಲಿ ದ್ರೋಹದ ಲೇಶವೂ ಇಲ್ಲ. ಬ್ರೌಸರು ಮಾಡಿದ ಉಪಕಾರವಷ್ಟೇ.

ಓಕ್ಟಾದಿಂದ ಕದ್ದ ಕಡತಗಳ ಸ್ವರೂಪವೂ ಬೋಧಪ್ರದವಾಗಿದೆ. ತೊಂದರೆ ಪರಿಹಾರಕ್ಕೆಂದು ಗ್ರಾಹಕರು ತಮ್ಮ ಬ್ರೌಸರಿನ ಸಂಚಾರವನ್ನು ದಾಖಲಿಸಿ ಕಳುಹಿಸಿದ್ದ ಕಡತಗಳವು. ಅವುಗಳಲ್ಲಿ ಕುಕಿಗಳೂ ಇದ್ದವು. ಒಮ್ಮೆ ಗುಪ್ತಪದ ನೀಡಿ ಒಳಗೆ ಹೋದವನಿಗೆ ತಾಣವು ಕೊಡುವ ಕುಕಿಯು ಜಾತ್ರೆಯ ಪ್ರದರ್ಶನದಲ್ಲಿ ಕೈಮೇಲೆ ಒತ್ತುವ ಮುದ್ರೆಯಂತೆ: ಮುದ್ರೆ ಇರುವವನನ್ನು ಮತ್ತೆ ಟಿಕೆಟು ಕೇಳುವುದಿಲ್ಲ. ಕುಕಿಯನ್ನು ಕದ್ದವನಿಗೆ ಗುಪ್ತಪದವೂ ಬೇಡ, ಮೊಬೈಲಿಗೆ ಬರುವ ಆರಂಕಿಯ ಸಂಖ್ಯೆಯೂ ಬೇಡ. ಒಟ್ಟು 134 ಗ್ರಾಹಕರ ಕಡತಗಳು ಹೊರಗಿನವರ ಕಣ್ಣಿಗೆ ಬಿದ್ದವು. ಅವರಲ್ಲಿ ಐವರ ಕುಕಿಗಳು ದುರುಪಯೋಗಗೊಂಡವು ಎಂದು ಕಂಪನಿ ತಿಳಿಸಿತು. ಮುಂದೆ, ಸಹಾಯ ವಿಭಾಗದ ಬಳಕೆದಾರರೆಲ್ಲರ ಹೆಸರು ಮತ್ತು ಮಿಂಚಂಚೆ ವಿಳಾಸಗಳು ಕಳುವಾಗಿದ್ದವೆಂಬುದೂ ಹೊರಬಂದಿತು. ಈ ಘಟನೆಯ ತರುವಾಯ ಕಂಪನಿಯು ಕೈಗೊಂಡ ಕ್ರಮಗಳಲ್ಲಿ ಒಂದು ಅತಿ ಸರಳವಾದುದು: ತನ್ನ ಗಣಕಗಳ ಕ್ರೋಮ್ ಬ್ರೌಸರಿನಲ್ಲಿ ಸ್ವಂತ ಗೂಗಲ್ ಖಾತೆಯಿಂದ ಪ್ರವೇಶಿಸುವುದನ್ನು ಕಟ್ಟಳೆಯ ಮೂಲಕ ನಿಷೇಧಿಸಿತು. ಆ ಕಟ್ಟಳೆಯು ಮೊದಲಿನಿಂದಲೂ ಲಭ್ಯವಿತ್ತು.

ಪ್ರಮಾಣಪತ್ರಗಳ ವಿಷಯವನ್ನು ಸಂಕ್ಷೇಪವಾಗಿ ನೋಡಬಹುದು. ತೆರೆದ ತಾಣವು ನಿಜವಾಗಿ ಬ್ಯಾಂಕಿನದೇ ಹೌದೆಂದು ಬ್ರೌಸರಿಗೆ ಸಾಕ್ಷಿ ನುಡಿಯಲು ಪ್ರಮಾಣಪತ್ರ ನೀಡುವ ಸಂಸ್ಥೆಗಳಿವೆ. ಸಾಕ್ಷಿಯೇ ಕೆಟ್ಟರೆ? 2011ರಲ್ಲಿ ನೆದರ್ಲೆಂಡಿನ ಡಿಜಿನೋಟಾರ್ ಎಂಬ ಸಂಸ್ಥೆಗೆ ಕನ್ನ ಹಾಕಿದವರು ಐನೂರಕ್ಕೂ ಹೆಚ್ಚು ಸುಳ್ಳು ಪ್ರಮಾಣಪತ್ರಗಳನ್ನು ಸೃಷ್ಟಿಸಿದರು. ಗೂಗಲ್ ಹೆಸರಿನಲ್ಲಿದ್ದ ಒಂದರಿಂದ ಇರಾನಿನ ಜನರ ಪತ್ರವ್ಯವಹಾರಕ್ಕೆ ಕಿವಿಗೊಡಲಾಯಿತು. ಇದು ಬಯಲಾದದ್ದು ಅಲ್ಲಿಯ ಬಳಕೆದಾರರೊಬ್ಬರು ಕ್ರೋಮ್ ತೋರಿಸಿದ ಎಚ್ಚರಿಕೆಯನ್ನು ಅಲಕ್ಷಿಸದೆ ಪ್ರಶ್ನಿಸಿದ್ದರಿಂದ. ಸೆಪ್ಟೆಂಬರಿನಲ್ಲಿ ಡಿಜಿನೋಟಾರ್ ದಿವಾಳಿಯಾಯಿತು. 2014ರ ಜುಲೈನಲ್ಲಿ ಭಾರತದ ರಾಷ್ಟ್ರೀಯ ಮಾಹಿತಿ ಕೇಂದ್ರದ ಪ್ರಮಾಣಪತ್ರ ವ್ಯವಸ್ಥೆಯಿಂದಲೂ ಗೂಗಲ್ ತಾಣಗಳ ಹೆಸರಿನಲ್ಲಿ ಅನಧಿಕೃತ ಪತ್ರಗಳು ಹೊರಬಿದ್ದವು. ಮಾಹಿತಿ ಬಂದ ಮರುದಿನವೇ ಪ್ರಮಾಣಪತ್ರ ನೀಡುವ ಸಂಸ್ಥೆಗಳ ಭಾರತೀಯ ನಿಯಂತ್ರಕರು ಆ ಕೇಂದ್ರದ ಅಧಿಕಾರ ಪತ್ರಗಳನ್ನು ರದ್ದುಗೊಳಿಸಿದರು. ಅಂದು ವಿಂಡೋಸಿನ ವಿಶ್ವಾಸ ಪಟ್ಟಿಯನ್ನು ನೆಚ್ಚಿದ ಬ್ರೌಸರುಗಳು ಅಪಾಯಕ್ಕೆ ತೆರೆದುಕೊಂಡಿದ್ದವು; ತನ್ನದೇ ಪಟ್ಟಿಯನ್ನಿಟ್ಟುಕೊಂಡಿದ್ದ ಫೈರ್‌ಫಾಕ್ಸ್ ಪಾರಾಗಿತ್ತು. ಕಛೇರಿಗಳಲ್ಲಿ ಪ್ರಮಾಣಪತ್ರದ ಎಚ್ಚರಿಕೆ ಬಂದಾಗ 'ಆದರೂ ಮುಂದುವರಿ' ಎಂದು ಒತ್ತಿ ಸಾಗುವುದು ರೂಢಿ. ಆ ಗುಂಡಿಯೇ ಕಾಣದಂತೆ ಮಾಡುವ ಕಟ್ಟಳೆಯೂ ಇದೆ. ಹಣಕಾಸಿನ ಗಣಕದಲ್ಲಿಯಾದರೂ ಅದನ್ನು ಜಾರಿಗೆ ತರುವುದು ಲೇಸು.

ಇಂತಹ ಕಟ್ಟಳೆಗಳನ್ನು ವಿಧಿಸಲು ದೊಡ್ಡ ಕಂಪನಿಯೇ ಆಗಿರಬೇಕೆಂಬುದು ತಪ್ಪು ಗ್ರಹಿಕೆ. ನಾಲ್ಕು ಗಣಕಗಳ ಕಛೇರಿಗೂ ಇದು ಸಾಧ್ಯ. ವಿಂಡೋಸಿನ ಪ್ರೊಫೆಷನಲ್ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿ ಎಂಬ ಸಾಧನ ಒಳಗೇ ಇದೆ. ಹೋಮ್ ಆವೃತ್ತಿಯಲ್ಲಿ ಅದಿಲ್ಲ, ಆದುದರಿಂದ ಗಣಕ ಕೊಳ್ಳುವಾಗಲೇ ಇದನ್ನು ವಿಚಾರಿಸುವುದು ಉಚಿತ. ಫೈರ್‌ಫಾಕ್ಸಿಗೆ ಒಂದು ಸಣ್ಣ ಕಡತದಲ್ಲಿ ನಿಯಮಗಳನ್ನು ಬರೆದಿಟ್ಟರೆ ಸಾಕು. ಲಿನಕ್ಸಿನಲ್ಲಿ ಕ್ರೋಮಿಗೂ ಹಾಗೆಯೇ. ಗಣಕಗಳು ಹಲವು ಕಟ್ಟಡಗಳಲ್ಲಿ ಹರಡಿದ್ದರೆ ಗೂಗಲ್ ಶುಲ್ಕವಿಲ್ಲದೆ ಒದಗಿಸುವ ದೂರನಿರ್ವಹಣೆಯ ವ್ಯವಸ್ಥೆಯನ್ನು ಬಳಸಬಹುದು. ಪ್ರಯೋಗಾಲಯದಲ್ಲಿ ಒಂದೇ ಗಣಕಕ್ಕೆ ದಿನಕ್ಕೆ ಎಂಟು ತಂಡಗಳ ಮಕ್ಕಳು ಕುಳಿತುಕೊಳ್ಳುವುದರಿಂದ, ಬ್ರೌಸರನ್ನು ಮುಚ್ಚಿದೊಡನೆ ಸಕಲ ಕುರುಹುಗಳೂ ಅಳಿಸಿಹೋಗುವ ಏರ್ಪಾಡು ಅಲ್ಲಿಗೆ ತಕ್ಕುದು. ಕಛೇರಿಯಲ್ಲಾದರೆ ಪ್ರತಿಯೊಬ್ಬ ನೌಕರರಿಗೂ ಪ್ರತ್ಯೇಕ ವಿಂಡೋಸ್ ಖಾತೆ ಇರಲೇಬೇಕು. ಬ್ರೌಸರು ತನ್ನಲ್ಲಿರುವ ಗುಪ್ತಪದಗಳಿಗೆ ಬೀಗ ಹಾಕುವುದು ಆ ಖಾತೆಯ ಆಧಾರದಿಂದಲೇ. ಎಲ್ಲರಿಗೂ ಒಂದೇ ಖಾತೆಯಿದ್ದಲ್ಲಿ ಆ ಬೀಗ ಎಲ್ಲರ ಕೈಯಲ್ಲಿಯೂ ತೆರೆಯುತ್ತದೆ.

ಕಟ್ಟಳೆಗಳಲ್ಲಿಯೂ ಅತಿಯಾಗಬಾರದು. ಪ್ರತಿಯೊಂದು ತಾಣವನ್ನೂ ಮುಚ್ಚಿದ ಕಛೇರಿಗಳಲ್ಲಿ ನೌಕರರು ಸಂಸ್ಥೆಯ ಕಡತಗಳನ್ನು ಸ್ವಂತ ಮೊಬೈಲಿಗೆ ಕಳುಹಿಸಿಕೊಂಡು ಅಲ್ಲಿ ಕೆಲಸ ಮುಗಿಸುತ್ತಾರೆ. ಆಗ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲನ್ನು ತೆರೆದಿಟ್ಟಂತಾಗುತ್ತದೆ. ಶಿಕ್ಷಕರು ಪಾಠಕ್ಕೆ ಬೇಕಾದ ದೃಶ್ಯವೊಂದನ್ನು ತೋರಿಸಲು ಮೂರು ದಿನ ಅನುಮತಿಗೆ ಕಾಯುವಂತಾದರೆ ಕಟ್ಟಳೆಯ ಮೇಲಿನ ಗೌರವವೇ ಹೋಗುತ್ತದೆ. ಬ್ರೌಸರಿನ ತಿದ್ದುಪಡಿ, ಉಪತಂತ್ರಾಂಶಗಳ ಪಟ್ಟಿ, ಸ್ವಂತ ಖಾತೆಯ ನಿಷೇಧ ಈ ಮೂರರಲ್ಲಿ ಬಿಗಿಯಾಗಿದ್ದು ಉಳಿದೆಡೆ ಸಡಿಲವಾಗಿರುವುದು ಅನುಭವಕ್ಕೆ ಹೊಂದುವ ಮಾರ್ಗ. ಸ್ವಂತ ಮಿಂಚಂಚೆಯನ್ನು ನೋಡಲೇಬೇಕಾದವರಿಗೆ ಕಛೇರಿಯ ಒಂದು ಗಣಕವನ್ನು ಬೇರೆಯಾಗಿ ಇಡಬಹುದು.

ಈಗಾಗಲೇ ಇರುವ ಸ್ಥಿತಿಯನ್ನು ತಿಳಿಯಲು ತಜ್ಞರು ಬೇಕಿಲ್ಲ. ಕ್ರೋಮಿನ ವಿಳಾಸದ ಪಟ್ಟಿಯಲ್ಲಿ 'ಕ್ರೋಮ್', ಎರಡು ಚುಕ್ಕಿ, ಎರಡು ಓರೆಗೆರೆ, 'ಪಾಲಿಸಿ' ಎಂದು ಇಂಗ್ಲಿಷಿನಲ್ಲಿ ಬರೆದರೆ ಜಾರಿಯಲ್ಲಿರುವ ಕಟ್ಟಳೆಗಳೆಲ್ಲ ಕಾಣುತ್ತವೆ; ಎಡ್ಜ್‌ನಲ್ಲಿ ಮೊದಲ ಪದಕ್ಕೆ ಬದಲಾಗಿ 'ಎಡ್ಜ್' ಎಂದು ಬರೆಯಬೇಕು. ಹೆಚ್ಚಿನ ಶಾಲಾ ಗಣಕಗಳಲ್ಲಿ ಆ ಪುಟ ಬರಿದಾಗಿಯೇ ಇರುತ್ತದೆ. ಯಾರೂ ಕಟ್ಟಳೆ ವಿಧಿಸದಿದ್ದರೂ ಅಲ್ಲಿ ಏನಾದರೂ ಬರೆದಿದ್ದು, 'ನಿಮ್ಮ ಸಂಸ್ಥೆಯು ಈ ಬ್ರೌಸರನ್ನು ನಿರ್ವಹಿಸುತ್ತಿದೆ' ಎಂಬ ಸಾಲು ಬ್ರೌಸರಿನ ಪಟ್ಟಿಯ ಕೆಳಗೆ ಕಂಡುಬಂದರೆ, ದುಷ್ಟ ತಂತ್ರಾಂಶವೊಂದು ತಾನೇ ಯಜಮಾನನೆಂದು ಹೆಸರು ಬರೆಸಿಕೊಂಡಿರುವ ಸಂಭವವಿದೆ. ಅಂತಹ ಗಣಕದಲ್ಲಿ ಬ್ಯಾಂಕಿನ ಪುಟವನ್ನು ತೆರೆಯದೆ, ಜಾಲದ ತಂತಿಯನ್ನು ಕಳಚಿ, ಬಲ್ಲವರನ್ನು ಕರೆಸಬೇಕು. ಅದರಲ್ಲಿ ಬಳಸಿದ ಗುಪ್ತಪದಗಳನ್ನೆಲ್ಲ ಬೇರೊಂದು ಶುದ್ಧ ಗಣಕದಿಂದ ಅಂದೇ ಬದಲಿಸಬೇಕು.